ಅತ್ತೆಯ ಜಳಕ, ನನ್ನ ನಳ ರಿಪೇರಿ

ನಮ್ಮ ಬಚ್ಚಲಿನ ನಳ ಮೂರು ದಿನದಿಂದ ಹನಿ ಹನಿ ಸೋರುತ್ತಿತ್ತು. ದಾಂಡೇಲಿಯ ಮಗ್ಗುಲಲ್ಲೇ ಕಾಳಿ ನದಿ ಹರಿಯುವಾಗ ನಾಲ್ಕು ಹನಿ ಹೋದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಹಳಿಯಾಳದ ಕಡೆಯ ಹಳ್ಳಿಯಿಂದ ನನ್ನ ಅತ್ತೆ ಬಂದಿದ್ದರು. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ದುಡಿದ ಅಳಿಯನ ಮನೆಯಲ್ಲಿ ನಳ ಸೋರುವುದನ್ನು ನೋಡಿದರು. ತಾವೇ ಹೋಗಿ ಅದನ್ನು ಇನ್ನಷ್ಟು ಬಿಗಿ ತಿರುಗಿಸಿ ನೋಡಿದರು. ಅದೇ ನನಗೆ ಚುಚ್ಚಿತು.

"ನಳದ ಮಿಸ್ತ್ರಿಗೆ ಫೋನ್ ಮಾಡ್ರಿ," ಅಂದಳು ಹೆಂಡತಿ ಶಾಂತಾ.

"ಒಂದು ವಾಷರ್ ಹಾಕಾಕ ಮಿಸ್ತ್ರಿ ಯಾಕ? ಐದು ನಿಮಿಷದ ಕೆಲಸ ಐತಿ."

ಕಾರ್ಖಾನೆಯಲ್ಲಿ ನನ್ನದು ಹಾಜರಿ ಬರೆಯುವ ಕೆಲಸವೆಂಬುದನ್ನು ಅವಳು ಅವ್ವನ ಮುಂದೆ ಎತ್ತಲಿಲ್ಲ. ಅಷ್ಟು ಮರ್ಯಾದೆ ಕೊಟ್ಟಳು.

ನಟ್ಟು ಬಿಚ್ಚುವ ಪಾನಾ ಹಿಡಿದು ತಿರುಗಿಸಿದೆ. ನಳ ಬಂತು. ಹಿಂದೆಯೇ ನೀರೂ ಬಂತು! ಮೊದಲು ನೀರಿನ ಟಾಕಿಯ ವಾಲ್ ಬಂದ್ ಮಾಡಬೇಕೆಂಬ ಸಂಗತಿ ನೀರು ಎದೆಗೆ ಬಡಿದಾಗ ಹೊಳೆಯಿತು. ಹೆಬ್ಬೆರಳನ್ನು ತೂತಿಗೆ ಒತ್ತಿ ಕೂಗಿದೆ, "ಶಾಂತಾ, ವಾಲ್ ಬಂದ್ ಮಾಡು."

"ಎಲ್ಲೈತ್ರಿ ಅದು?"

ಹತ್ತು ವರ್ಷದಿಂದ ಇರುವ ಮನೆ. ನನಗೂ ಗೊತ್ತಿರಲಿಲ್ಲ.

ತೂತಿನ ಕಾವಲನ್ನು ಅವಳಿಗೆ ವಹಿಸಿ, ಟಾಕಿ ಇದ್ದ ಮಾಳಿಗೆಗೆ ಓಡಿದೆ. ವಾಲ್ ಸಿಕ್ಕಿತು. ತುಕ್ಕು ಹಿಡಿದಿತ್ತು. ಪಾನಾ ಹಾಕಿ ಜೋರು ಮಾಡಿದೆ. ಬುಡಸಮೇತ ಕೈಗೆ ಬಂತು! ಮೂರು ಮನೆಗೆ ಸೇರಿದ ಟಾಕಿಯ ನೀರೆಲ್ಲ ಮೆಟ್ಟಿಲಿಳಿದು ಮೋರಿ ಸೇರಿತು. ಕೆಳಗಿನ ಮನೆಯ ಪಾಟೀಲರು ತಲೆತುಂಬ ಸಾಬೂನು ಹಚ್ಚಿಕೊಂಡು, ಒಂದೇ ಕಣ್ಣು ತೆರೆದು ಹೊರಬಂದರು.

"ನೀರು ಹೋತೇನ್ರಿ?"

"ಹೌದ್ರಿ, ನಮ್ಮನ್ಯಾಗೂ ಹೋತು," ಅಂದೆ. ವಾಲ್ ನನ್ನ ಕೈಯಲ್ಲೇ ಇತ್ತು.

ಬಾಗಿಲ ಬಳಿ ಉಳಿದಿದ್ದ ಒಂದೇ ಕೊಡ ಕುಡಿಯುವ ನೀರನ್ನೂ ಸುರಿದು ಕೆಸರುಗಾಲು ತೊಳೆದುಕೊಂಡು ಒಳಗೆ ಬಂದೆ. ಅತ್ತೆ ಸೀರೆ ಹಿಡಿದು ಜಳಕಕ್ಕೆ ಕಾಯುತ್ತ ಕೂತಿದ್ದರು. ಅವರು ಜಳಕ, ಲಿಂಗಪೂಜೆ ಮುಗಿಯದೆ ಗುಟುಕು ನೀರನ್ನೂ ಮುಟ್ಟುವವರಲ್ಲ. ಮೇಲೆ ಸಕ್ಕರೆ ಕಾಯಿಲೆ. ಗಂಟೆ ಹತ್ತಾಗಿತ್ತು. ಹಣೆ ಬೆವರಿತ್ತು.

"ಅವ್ವಾ, ಇವತ್ತೊಂದಿನ ಚೂರು ಬೆಲ್ಲ ಬಾಯಾಗ ಹಾಕ್ಕೋ," ಎಂದು ಶಾಂತಾ ಬೇಡಿಕೊಂಡಳು.

"ಐವತ್ತು ವರ್ಷದಾಗ ಒಂದಿನಾನೂ ತಪ್ಪಿಲ್ಲವ್ವ. ತಡೀತೇನಿ ತಗೋ."

ನನ್ನ ಜಂಭಕ್ಕೆ ಈ ಜೀವಕ್ಕೇನಾದರೂ ಆದರೆ? ಎರಡು ಕೊಡ ಎತ್ತಿಕೊಂಡು ಓಣಿಯ ತುದಿಯ ಬೋರಿಂಗಿಗೆ ಓಡಿದೆ. ಹಿಡಿಕೆ ಒತ್ತಿದೆ, ಒತ್ತಿದೆ. ಅದು ಬರೀ ಕೆಮ್ಮಿತು. ಪ್ರತಿ ಒತ್ತಿಗೂ ಶಿವನನ್ನು ನೆನೆದೆ. ಅಷ್ಟು ಭಕ್ತಿ ನನ್ನಲ್ಲಿದೆಯೆಂದು ನನಗೇ ತಿಳಿದಿರಲಿಲ್ಲ. ಕೊನೆಗೆ ನೀರು ಬಂತು. ಕೊಡ ತುಂಬಿ ಹೊತ್ತು ತಂದವನು, ನಾನೇ ಹರಿಸಿದ್ದ ನೀರಿನಲ್ಲಿ ಜಾರಿ, ಮೆಟ್ಟಿಲ ಮೇಲೆ ಒಂದು ಕೊಡ ಚೆಲ್ಲಿದೆ. ಇನ್ನೊಂದನ್ನು ಕೂಸಿನ ಹಾಗೆ ತಬ್ಬಿಕೊಂಡು ಒಳಗೆ ತಂದೆ.

ಕಿಟಕಿಯಿಂದ ಪಾಟೀಲರನ್ನು ನೋಡಿದ್ದ ಅತ್ತೆ ಅದರಲ್ಲಿ ಮೊದಲು ಒಂದು ತಂಬಿಗೆ ತೆಗೆದಿಟ್ಟರು. "ಕೆಳಗಿನ ಮನಿಯವ್ರಿಗೆ ಕೊಟ್ಟು ಬರ್ರಿ, ಕಣ್ಣು ತೊಳ್ಕೊಳ್ಳಲಿ ಪಾಪ." ಉಳಿದದ್ದರಲ್ಲೇ ಜಳಕವಾಯಿತು, ಪೂಜೆಯಾಯಿತು. ಅವರು ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟಾಗ ನನಗೆ ಜೀವ ಬಂದಂತಾಯಿತು. ತಿರುಗಿಸಿದರೆ ನೀರು ಬರುವುದನ್ನು ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಗಮನಿಸಿರಲಿಲ್ಲ. ಸೋರಿದ್ದನ್ನು ಮಾತ್ರ ಗಮನಿಸಿದ್ದೆ.

ಮಧ್ಯಾಹ್ನ ಮಿಸ್ತ್ರಿ ಬಂದು ವಾಲ್ ಹಾಕಿ, ನಳ ಕೂರಿಸಿ, ವಾಷರ್ ಬದಲಿಸಿದ. ವಾಷರಿಗೆ ಹಿಡಿದದ್ದು ಐದು ನಿಮಿಷ.

ಮರುದಿನ ಅತ್ತೆ ಊರಿಗೆ ಹೊರಟು ಬಸ್ಸು ಹತ್ತುವಾಗ ನನ್ನ ಕಡೆ ತಿರುಗಿದರು. "ಅಳಿಯಂದ್ರ, ಮುಂದಿನ ಸಲ ಬರೂವಾಗ ನಮ್ಮೂರಿಂದ ಎರಡು ಕೊಡ ನೀರು ತರ್ತೇನಿ. ನೀವು ಮಾತ್ರ ಪಾನಾ ಮುಟ್ಟಬ್ಯಾಡ್ರಿ."

ಪಾನಾ ಈಗ ಬೀಗ ಹಾಕಿದ ಪೆಟ್ಟಿಗೆಯೊಳಗೆ, ಪಾಟೀಲರ ಕಪಾಟಿನಲ್ಲಿದೆ. ಆ ಪೆಟ್ಟಿಗೆಯ ಕೀಲಿ ಶಾಂತಾಳ ಸೆರಗಿನ ಗಂಟಿನಲ್ಲಿದೆ. ಇನ್ನು ಮುಂದೆ ನಳ ಕೆಟ್ಟರೆ ನನ್ನ ಕೆಲಸ ಒಂದೇ: ಮಿಸ್ತ್ರಿ ಬಂದಾಗ ಅವನ ಹಾಜರಿ ಬರೆದುಕೊಳ್ಳುವುದು.