ಕ್ಲೈವ್‌ನ ಹಸಿರು ಮುಚ್ಚಳದ ಸೀಸೆ

ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್ಲೆಂಡಿನ ಹಳೇ ಗಣಿ ಊರುಗಳಲ್ಲಿ ಗಂಡಸರು ಹೆಂಡತಿಯ ಕೈಗೆ ಮನೆ ಕೊಡುತ್ತಾರೆ, ಪಿಂಚಣಿ ಕೊಡುತ್ತಾರೆ; ಲೀಕ್ ಬೆಳೆಯುವ ಶೆಡ್ಡಿನ ಬೀಗದಕೈ ಮಾತ್ರ ಕೊಡುವುದಿಲ್ಲ. ಅಂಥದೊಂದು ಬೀಗದಕೈ ಆವತ್ತು ಕ್ಲೈವ್‌ನ ಹೆಂಡತಿ ಮೇವಿಸ್‌ಳ ಕೊರಳಲ್ಲಿ ನೇತಾಡುತ್ತಿತ್ತು.

ಲೀಕ್ ಎಂದರೆ ಈರುಳ್ಳಿಯ ದಾಯಾದಿ. ಲೋಕದ ಜನ ಅದನ್ನು ಸೂಪಿಗೆ ಹಾಕುತ್ತಾರೆ. ಕ್ಲೈವ್‌ನ ಊರಿನವರು ತೋಳಿನ ಗಾತ್ರ ಬೆಳೆಸಿ ಸ್ಪರ್ಧೆಗೆ ಒಯ್ಯುತ್ತಾರೆ. ಯಾರು ಏನು ಗೊಬ್ಬರ ಹಾಕುತ್ತಾರೆಂಬುದು ಹೆತ್ತ ತಾಯಿಗೂ ತಿಳಿಯಕೂಡದು.

“ಬೀಗದಕೈ ಕೊಡು ಮೇವಿಸ್. ನನ್ನ ಲೀಕ್ ಬಾಯಾರಿ ಸಾಯ್ತಿದೆ.”

“ಮೊದಲು ಅದನ್ನ ಮಾಡು.”

‘ಅದು’ ಎಂದರೆ ಕರುಳಿನ ಕ್ಯಾನ್ಸರ್ ಪರೀಕ್ಷೆಗೆಂದು ವಯಸ್ಸಾದವರಿಗೆಲ್ಲ ಸರ್ಕಾರ ಅಂಚೆಯಲ್ಲಿ ಕಳಿಸುವ ಕಿಟ್. ಕಡ್ಡಿಯಿಂದ ಮಲವನ್ನು ಒಂಚೂರು ಕೆರೆದು, ಹಸಿರು ಮುಚ್ಚಳದ ಸೀಸೆಯಲ್ಲಿರುವ ದ್ರವದೊಳಗಿಟ್ಟು ಅಂಚೆಗೆ ಹಾಕಿದರೆ ಮುಗಿಯಿತು. ಮೇವಿಸ್ ತನ್ನದನ್ನು ಬಂದ ವಾರವೇ ಕಳಿಸಿದ್ದಳು. ಕ್ಲೈವ್‌ನದು ಕಾಲುಚೀಲದ ಡ್ರಾಯರಿನಲ್ಲಿ ಅಜ್ಞಾತವಾಸದಲ್ಲಿತ್ತು.

“ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ.”

“ನಮ್ಮಣ್ಣನೂ ಹಾಗೇ ಅಂತಿದ್ದ. ಗೊತ್ತಾಗೋ ಹೊತ್ತಿಗೆ ಕೈಮೀರಿ ಹೋಗಿತ್ತು.” ಮೇವಿಸ್ ಕೊರಳಿನ ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದಳು. “ಅದಿರ್ಲಿ, ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡ್ಕೊಂಡು ಲೀಕ್ ಎಲೆ ನೋಡ್ತೀಯಲ್ಲ, ಯಾಕೆ?”

“ತುಕ್ಕುರೋಗ ಮೊದಲೇ ಕಂಡ್ರೆ ಆ ಎಲೆ ಕಿತ್ತು ಗಿಡ ಉಳಿಸ್ಬಹುದು,” ಎಂದವನೇ ಕ್ಲೈವ್ ನಾಲಿಗೆ ಕಚ್ಚಿಕೊಂಡ.

(ಇಂಥ ಹೆಂಗಸಿನ ಎದುರು ವಾದಿಸಿ ಗೆದ್ದ ಗಂಡನಿದ್ದರೆ ತೋರಿಸಿ, ನಾನೇ ಹಾರ ಹಾಕುತ್ತೇನೆ.)

ಮರುದಿನ ಕಾರ್ಯ ಮುಗಿಯಿತು. ಆದರೆ ಊರಿನ ಅಂಚೆಪೆಟ್ಟಿಗೆ ಇದ್ದದ್ದು ಲೀಕ್ ಕ್ಲಬ್ಬಿನ ಬಾಗಿಲಲ್ಲೇ. ಲಕೋಟೆ ಅಂಟಿಸುವ ಮುಂಚೆ ಮುಚ್ಚಳ ಬಿಗಿಯಾಗಿದೆಯೇ ಎಂದು ಕ್ಲೈವ್ ಸೀಸೆಯನ್ನು ಬೆಳಕಿಗೆ ಹಿಡಿದ. ಹೋದ ವರ್ಷ ಕಪ್ ಗೆದ್ದಿದ್ದ ರಾಯ್ ಅದನ್ನು ಕಿಟಕಿಯಿಂದ ನೋಡಿಬಿಟ್ಟ. ಕ್ಲಬ್ಬಿಗೆ ಕ್ಲಬ್ಬೇ ಹೊರಗೆ ಬಂತು.

“ಏನೋ ಅದು, ಲೀಕಿಗೆ ಹೊಸ ಔಷಧಿನಾ?”

“ಅಲ್ಲಪ್ಪ.”

“ಅಲ್ಲ ಅಂದ್ರೆ ಹೌದು ಅಂತ. ಎಲ್ಲಿಂದ ತರಿಸಿದೆ?”

“ನಾನೇ ಮಾಡಿದ್ದು,” ಎಂದು ಕ್ಲೈವ್‌ನ ಬಾಯಿ ಜಾರಿತು.

“ಒಂದೇ ಒಂದು ತೊಟ್ಟು ಕೊಡೋ ಮಾರಾಯ,” ಎಂದು ರಾಯ್ ಅಂಗಲಾಚಿದ. “ಬಿಯರ್ ಕೊಡಿಸ್ತೀನಿ.”

“ಕೊಡು ಕ್ಲೈವ್, ಜಿಪುಣತನ ಯಾಕೆ?” ಎಂದಿತು ಹಿಂದಿನಿಂದ ಒಂದು ದನಿ. ಗಂಡನನ್ನು ನಂಬದೆ ಮೇವಿಸ್ ಹಿಂಬಾಲಿಸಿ ಬಂದಿದ್ದಳು. ಸೀಸೆಯಲ್ಲಿರುವುದೇನೆಂದು ಆಕೆ ಬಿಡಿಸಿ ಹೇಳಿದಾಗ ರಾಯ್ ಚಾಚಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ನಿನ್ನ ಸೀಸೆ ಎಲ್ಲಿ, ರಾಯ್? ನಿಮ್ಮದೆಲ್ಲ ಎಲ್ಲಪ್ಪಾ?”

ಎಲ್ಲರ ಮನೆಯಲ್ಲೂ ಕಾಲುಚೀಲದ ಡ್ರಾಯರ್ ಇತ್ತು. ಮುಂದಿನ ವಾರ ಆ ಅಂಚೆಪೆಟ್ಟಿಗೆಗೆ ಪುರುಸೊತ್ತೇ ಇರಲಿಲ್ಲ.

ಕ್ಲೈವ್‌ಗೆ ಬೀಗದಕೈ ಅವತ್ತೇ ವಾಪಸ್ ಸಿಕ್ಕಿತ್ತು; ಆಮೇಲೆ ಉತ್ತರ ಬಂತು: ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಇದೆ, ಆಸ್ಪತ್ರೆಗೆ ಬನ್ನಿ. ಗುಂಡುಕಲ್ಲು ಗಡಗಡ ನಡುಗಿತು. ಕರುಳಿಗೆ ಕ್ಯಾಮೆರಾ ಇಳಿಸುವ ದಿನ ಲೀಕ್ ಸ್ಪರ್ಧೆಯ ದಿನವೇ ಬಿತ್ತು; ಕಪ್ ಮತ್ತೆ ರಾಯ್ ಪಾಲಾಯಿತು. ಕ್ಲೈವ್‌ಗೆ ಅದರ ನೆನಪೂ ಬರಲಿಲ್ಲ. ಅವನು ಮೇವಿಸ್‌ಳ ಕೈಯನ್ನು ಭದ್ರವಾಗಿ ಹಿಡಿದುಕೊಂಡಿದ್ದ.

ಆಮೇಲೆ ಡಾಕ್ಟರಮ್ಮ ಪರದೆಯ ಮೇಲೆ ಬಟಾಣಿಯಂಥ ಒಂದು ಗಂಟು ತೋರಿಸಿದರು. “ಇದೇ ನೋಡಿ. ಬಿಟ್ಟಿದ್ರೆ ಮುಂದೆ ಕ್ಯಾನ್ಸರ್ ಆಗಬಹುದಿತ್ತು. ತೆಗೆದುಬಿಟ್ಟಿದೀವಿ.”

ಕ್ಲೈವ್ ಅದನ್ನು ಬೆಳೆಗಾರನ ಕಣ್ಣಿಂದ ಅಳೆದ. ಹೋದ ಜೀವ ಬಂದದ್ದೇ ತಡ, ಹಳೇ ಚಾಳಿಯೂ ಬಂತು. “ಇಷ್ಟೇನಾ?” ಎಂದ, ತುಸು ಅವಮಾನದಿಂದ.

ಕ್ಯಾಮೆರಾ ಇಳಿಸುವ ಮುನ್ನ ಅವನೇ ಒಪ್ಪಿಸಿದ್ದ ಬೀಗದಕೈಯನ್ನು ಮೇವಿಸ್ ಕೊರಳಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವಳ ಕಣ್ಣು ಒದ್ದೆಯಾಗಿತ್ತು.

“ನೀನು ಬೆಳೆಸಿದ್ದರಲ್ಲಿ ದೊಡ್ಡದಾಗದೆ ಇದ್ದಿದ್ದಕ್ಕೆ ನಂಗೆ ಖುಷಿಯಾಗಿದ್ದು ಇದೊಂದೇ, ಮಾರಾಯ.”