ನಾಲ್ಕನೆಯ ಕ್ಲಾಸು ಮಾತು ಬಿಟ್ಟದ್ದು

ಓದಿದ್ದನ್ನೆಲ್ಲ ಆ ಕೂಡಲೇ ಮಾಡಿ ನೋಡುವ ಚಟ ಇರುವವರು ಅಡುಗೆ ಪುಸ್ತಕ ಓದಬಹುದು. ಹೆಚ್ಚೆಂದರೆ ಮನೆಮಂದಿಯ ಹೊಟ್ಟೆ ಕೆಡುತ್ತದೆ. ಶಿಕ್ಷಣದ ಇತಿಹಾಸವನ್ನು ಮಾತ್ರ ಅಂಥವರ ಕೈಗೆ ಕೊಡಬಾರದು. ನನ್ನ ಕೈಗೆ ಕೊಟ್ಟಿದ್ದರು. ಐವತ್ತರ ದಶಕದ ಮಾತು. ರಾಜಾಜಿನಗರ ಆಗಿನ್ನೂ ಅಳತೆಗಲ್ಲುಗಳ ಊರು. ಮನೆಗಿಂತ ಸೈಟು ಜಾಸ್ತಿ, ಸೈಟಿಗಿಂತ ಗಾಳಿ ಜಾಸ್ತಿ. ಅಲ್ಲಿನ ತಗಡು ಚಾವಣಿಯ ಶಾಲೆಯೊಂದರಲ್ಲಿ ನಾಲ್ಕನೆಯ ಕ್ಲಾಸಿಗೆ ಪಾಠ ಹೇಳುತ್ತಾ ನಾನು ಮೇಷ್ಟರ ತರಬೇತಿ ಪರೀಕ್ಷೆಗೂ ಕಟ್ಟಿದ್ದೆ. ಆ ಇತಿಹಾಸ ಅದರ ಪಠ್ಯ.

ಯುರೋಪಿನ ಮಧ್ಯಯುಗದ ಮಠಗಳಲ್ಲಿ ಮೌನವೇ ಮೊದಲ ಪಾಠವಂತೆ. ಸನ್ಯಾಸಿಗಳು ರೊಟ್ಟಿ, ಉಪ್ಪು ಕೇಳುವುದಕ್ಕೂ ಬೆರಳಿನ ಸನ್ನೆಯಂತೆ. ಆಮೇಲೆ ಪುನರುಜ್ಜೀವನ ಕಾಲ ಬಂತು. ಇಟಲಿಯ ಒಬ್ಬ ಮೇಷ್ಟರು ಶಾಲೆಯನ್ನೇ ನಗುವ ಮನೆ ಮಾಡಿ, ಮಕ್ಕಳಿಗೆ ಆಟದಲ್ಲೇ ಅಕ್ಷರ ಕಲಿಸಿದರಂತೆ. ನನ್ನ ಮನಸ್ಸೆಲ್ಲ ಇಟಲಿಯವರ ಕಡೆಗೇ. ಆದರೆ ಪುಸ್ತಕದಲ್ಲಿ ಮಧ್ಯಯುಗ ಮೊದಲು ಬರುತ್ತದೆ, ನಾನು ಕ್ರಮ ತಪ್ಪುವವನಲ್ಲ.

ಸೋಮವಾರ ಕ್ಲಾಸಿಗೆ ಸನ್ಯಾಸಿಗಳ ಕಥೆ ಹೇಳಿ, "ಈಗ ನೀವೂ ಹಂಗೇ ಇರಿ ನೋಡೋಣ. ನಾನು ಮುಗೀತು ಅನ್ನೋವರ್ಗೂ ಯಾರೂ ಬಾಯಿ ಬಿಡಬಾರ್ದು" ಎಂದೆ. ಆ ಸುಖ ಹೇಳತೀರದು. ಎಷ್ಟು ಸುಖವೆಂದರೆ, ಮುಗೀತು ಎನ್ನುವುದನ್ನೇ ಮರೆತು ಮನೆಗೆ ಹೋದೆ.

ಮಂಗಳವಾರವೂ ಅವರು ಮಾತಾಡಲಿಲ್ಲ. ಪರವಾಗಿಲ್ಲ, ಸುಧಾರಿಸಿದ್ದಾರೆ ಎಂದುಕೊಂಡೆ. ಬುಧವಾರ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಬೆನ್ನ ಹಿಂದೆ ಒಣ ಎಲೆ ಸರಿದಾಡಿದ ಹಾಗೆ ಸದ್ದು. ತಿರುಗಿದರೆ ನಲವತ್ತು ಜೊತೆ ಕೈಗಳು ಒಟ್ಟಿಗೇ ನಿಂತವು, ನಲವತ್ತು ಮುಖಗಳು ನನ್ನ ಬಾಯನ್ನೇ ನೋಡಿದವು. ನಾನು ಕಲಿಸದ ಸನ್ನೆಗಳು ಹುಟ್ಟಿಕೊಂಡಿದ್ದವು. ಆಟದ ಹೊತ್ತಿಗೆ ಹೊರಗೆ ಬಂದು ನೋಡುತ್ತೇನೆ, ಕಬಡ್ಡಿ ಆಡುತ್ತಿದ್ದಾರೆ. ಕಬಡ್ಡಿ ಎಂಬ ಶಬ್ದವೇ ಇಲ್ಲ. ತುಟಿ ಬಿಗಿದುಕೊಂಡು ಓಡುತ್ತಿದ್ದಾರೆ, ಬೀಳುತ್ತಿದ್ದಾರೆ, ಏಳುತ್ತಿದ್ದಾರೆ. ಹಾಡುಹಗಲ ಬಿಸಿಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು. ಆದರೂ ಸುಮ್ಮನಿದ್ದೆ. ನನ್ನ ಪಾಠ ನೋಡಿ ಅಂಕ ಕೊಡುವ ಇನ್‌ಸ್ಪೆಕ್ಟರು ಶುಕ್ರವಾರ ಬರುವವರಿದ್ದರು.

ಗುರುವಾರ ಮಧ್ಯಾಹ್ನ ಪಕ್ಕದ ಮಾರೇನಹಳ್ಳಿಯಿಂದ ಜಯಮ್ಮನ ತಾಯಿ ಹೊಲದ ಕೆಲಸ ಬಿಟ್ಟು ಓಡಿಬಂದರು. ಜಯಮ್ಮ ಎರಡನೆಯ ಬೆಂಚಿನ ಹುಡುಗಿ. ಅಂದು ಶಾಲೆಗೆ ಬಂದಿರಲಿಲ್ಲ.

"ಏನ್ ಮಾಟ ಮಾಡಿದ್ರಿ ಮೇಷ್ಟ್ರೇ? ಬಿಸಿ ಎಸ್ರು ಕೈ ಮೇಲೆ ಚೆಲ್ಕೊಂಡ್ಲು. ಅಮ್ಮಾ ಅನ್ಲಿಲ್ಲ. ಕಣ್ಣಲ್ಲಿ ನೀರು ಸುರೀತಾ ಐತೆ, ಬಾಯಿ ಮಾತ್ರ ಬಿಡ್ತಾ ಇಲ್ಲ!"

ಅವರ ಹಿಂದೆಯೇ ಓಡಿದೆ. ಜಗಲಿಯಲ್ಲಿ ಕೂತಿದ್ದ ಹುಡುಗಿ ನನ್ನನ್ನು ಕಂಡು ಎದ್ದು ನಿಂತಳು. ಕೈಗೆ ಬಟ್ಟೆ ಸುತ್ತಿತ್ತು. "ಮಾತಾಡಮ್ಮ" ಎಂದೆ. ಅವಳು ನನ್ನ ಬಾಯನ್ನೇ ನೋಡುತ್ತಾ ನಿಂತಳು. ಆಗ ಹೊಳೆಯಿತು.

"ಮುಗೀತು ಜಯಮ್ಮ. ಮುಗೀತು."

ಅವಳು ಕಿರುಚಿದಳು. ಮೂರು ದಿನದ್ದೆಲ್ಲ ಸೇರಿಸಿ ಕಿರುಚಿದಳು. ಕೊಟ್ಟಿಗೆಯ ಎತ್ತುಗಳು ಹಗ್ಗ ಜಗ್ಗಿದವು. ತಾಯಿ ಅವಳನ್ನು ಅಪ್ಪಿಕೊಂಡು ನನ್ನನ್ನು ನೋಡಿದ ನೋಟ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಇಲ್ಲಿಗೆ ಕಥೆ ನಿಂತಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ನಾನು ವಾಪಸು ಬರುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ಮಾರನೆಯ ದಿನ ಬೆಳಿಗ್ಗೆ ಉಳಿದ ಮಕ್ಕಳಿಗೂ ಮುಗೀತು ಎನ್ನಬೇಕೆಂದೇ ಹೋದೆ. ಬಾಗಿಲಲ್ಲಿ ಇನ್‌ಸ್ಪೆಕ್ಟರು ನಿಂತಿದ್ದರು. ಮುಗೀತು ಎನ್ನುವ ಬದಲು ಪುಸ್ತಕ ತೆರೆದು ಪಾಠ ಶುರುಮಾಡಿದೆ. ಒಂದು ಗಂಟೆ ಕ್ಲಾಸು ಉಸಿರಾಡಿದ್ದೂ ಕೇಳಿಸಲಿಲ್ಲ.

"ಅದ್ಭುತ ಕಣ್ರೀ! ಯಾವ ಪದ್ಧತಿ ಇದು?"

"ಇಟಲಿ ಪದ್ಧತಿ ಸಾರ್. ಮಕ್ಕಳು ನಗುನಗ್ತಾ ಕಲೀತಾರೆ."

ಅವರು ಬರೆದುಕೊಂಡು ಹೋದರು. ನಾನು ಬಾಗಿಲು ಹಾಕಿ ಮುಗೀತು ಎಂದೆ. ಯಾರೂ ನಂಬಲಿಲ್ಲ. ಮತ್ತೆ ಹೇಳಿದೆ. ಎರಡನೆಯ ಬೆಂಚಿನಿಂದ, ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಜಯಮ್ಮ ಎದ್ದು ನಿಂತಳು.

"ಸಾರ್, ನೀವು ಸುಳ್ಳು ಹೇಳಿದ್ರಿ."

ಹೊರಗೆ ಹೋಗಿ, ಇನ್ನೂ ಇಪ್ಪತ್ತು ನಿಮಿಷ ಬಾಕಿಯಿದ್ದರೂ, ನಾನೇ ಕೈಯಾರೆ ಬೆಲ್ ಹೊಡೆದೆ.