ವಿಜಯನಗರದಲ್ಲಿ ಮುಗಿಯದ ರಾಹುಕಾಲ

ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿರುವವನಿಗೆ ಒಂದು ಕೈಗಡಿಯಾರ ಯಾವ ಮಹಾ ಎಂದುಕೊಂಡೇ ಶುರುಮಾಡಿದೆ. ನಾನು ತರಿಸಿದ್ದು ಸಾಮಾನ್ಯ ಸ್ಮಾರ್ಟ್‌ವಾಚ್ ಅಲ್ಲ. ಅದರೊಳಗಿನ ಪ್ರೋಗ್ರಾಮೆಲ್ಲ ಬಹಿರಂಗ. ಯಾರು ಬೇಕಾದರೂ ತಿದ್ದಿ ತಮಗೆ ಬೇಕಾದಂತೆ ಮಾಡಿಕೊಳ್ಳಬಹುದು. ‘ಯಾರು ಬೇಕಾದರೂ’ ಎಂದಾಗ ತಯಾರಿಸಿದವರ ಮನಸ್ಸಿನಲ್ಲಿ ನಾನು ಇದ್ದಿರಲಾರೆ!

ನನಗೆ ಬೇಕಾಗಿದ್ದದ್ದು ರಾಹುಕಾಲ.

ಕಾರಣವಿತ್ತು. ಮೂರು ವರ್ಷದ ಹಿಂದೆ ನನ್ನ ತಂಗಿ ಗಿರಿಜೆಯ ಮಗಳು ಮೇಘಳಿಗೆ ಒಂದು ಸಂಬಂಧ ಬಂದಿತ್ತು. ಗಂಡಿನ ಮನೆಗೆ ಮಾತುಕತೆಗೆ ಹೋದವನು ನಾನು. ಸಂಬಂಧ ಮುರಿದುಬಿತ್ತು. ಹುಡುಗ ಬೇರೆ ಯಾರನ್ನೋ ಮೆಚ್ಚಿದ್ದ ಎಂಬುದು ಆಮೇಲೆ ತಿಳಿಯಿತು. ಆದರೆ ನಾನು ಮನೆಯಿಂದ ಹೊರಟದ್ದು ರಾಹುಕಾಲದಲ್ಲಿ ಎಂಬುದು ಗಿರಿಜೆಗೆ ಅದಕ್ಕಿಂತ ಮೊದಲೇ ತಿಳಿದಿತ್ತು. ಮೂರು ವರ್ಷ ಅವಳು ನನ್ನನ್ನು ಮಾತಾಡಿಸಲಿಲ್ಲ. ಹಬ್ಬಕ್ಕೆ ನನ್ನ ಹೆಂಡತಿ ವತ್ಸಲೆಯನ್ನು ಕರೆಯುತ್ತಿದ್ದಳು. ನಾನು ವತ್ಸಲೆಯ ಜೊತೆಗೆ ಬರುವ ಸಾಮಾನಾಗಿದ್ದೆ.

ಈ ಸಲ ಮೇಘಳಿಗೆ ಮತ್ತೊಂದು ಸಂಬಂಧ ಕೂಡಿಬಂತು. ಗಿರಿಜೆ ಕೆಂಗೇರಿಯಿಂದ ವಿಜಯನಗರದ ನಮ್ಮ ಮನೆಗೆ ತಾನೇ ಬಂದಳು.

“ಅಣ್ಣ, ನಿಶ್ಚಿತಾರ್ಥಕ್ಕೆ ಮೇಘನ್ನ ಕೈ ಹಿಡ್ಕೊಂಡು ಹಸೆಗೆ ಕರ್ಕೊಂಡು ಬರೋನು ನೀನೇ. ಅವಳಿಗೆ ಸೋದರಮಾವ ಅಂತ ಇರೋದು ನೀನೊಬ್ಬನೇ. ಸೋಮವಾರ ಒಂಬತ್ತೂ ಮುಕ್ಕಾಲಿಂದ ಹತ್ತೂಕಾಲು ಮುಹೂರ್ತ. ಈ ಸಲನಾದ್ರೂ ರಾಹುಕಾಲ ನೋಡ್ಕೊಂಡು ಹೊರಡಪ್ಪ.”

ಬೇರೆ ಯಾರಾದರೂ ಆಗಿದ್ದರೆ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ಪ್ರೋಗ್ರಾಮ್ ಬರೆದೆ!

ಮೊದಲ ಪ್ರಯತ್ನದಲ್ಲಿ ಗಡಿಯಾರ ರಾಹುಕಾಲ ತೋರಿಸಿತು. ಗಂಟೆ ತೋರಿಸುವುದನ್ನು ನಿಲ್ಲಿಸಿತು. ಎರಡು ದಿನ ಅದು ಸಮಯವೊಂದನ್ನು ಬಿಟ್ಟು ಎಲ್ಲವನ್ನೂ ಹೇಳುತ್ತಿತ್ತು. ಎರಡನೆಯ ಪ್ರಯತ್ನದಲ್ಲಿ ರಾಹುಕಾಲ ಬಂತೆಂದು ಎಚ್ಚರಿಸುವ ಅದರ ನಡುಕ ಶುರುವಾದದ್ದು ನಿಲ್ಲಲೇ ಇಲ್ಲ. ಆಗ ನಾನು ಪ್ರಿನ್ಸಿಪಾಲರ ಮುಂದೆ ನಿಂತಿದ್ದೆ. ನನ್ನ ಕೈ ನಡುಗುವುದನ್ನು ಕಂಡು ಅವರು ಗೌರವವೆಂದು ತಿಳಿದರು. ಮೂರನೆಯದು ಗೆದ್ದಿತು. ಕ್ಯಾಲೆಂಡರಿನಲ್ಲಿರುವ ವೇಳೆಯನ್ನೇ ತುಂಬಿಸಿದ್ದೆ: ರಾಹುಕಾಲದಲ್ಲಿ ಪರದೆ ಕೆಂಪು, ಮುಗಿದ ಕೂಡಲೇ ಹಸಿರು. ಮೂರು ವಾರ ಒಂದು ನಿಮಿಷ ತಪ್ಪಲಿಲ್ಲ. ಮೇಲಿನ ಮನೆಯ ಸರೋಜಮ್ಮ ಮೆಟ್ಟಿಲ ಮೇಲಿಂದಲೇ “ಮೇಷ್ಟ್ರೇ, ಹಸಿರಾಯ್ತಾ? ಬ್ಯಾಂಕಿಗೆ ಹೋಗ್ಬೇಕಿತ್ತು” ಎಂದು ಕೂಗುವಷ್ಟು ನನ್ನ ಕೀರ್ತಿ ಹಬ್ಬಿತು.

ಅಲ್ಲಿಗೆ ಕೈಬಿಟ್ಟಿದ್ದರೆ ನಾನೂ ಒಬ್ಬ ಅಣ್ಣನಾಗಿ ಉಳಿಯುತ್ತಿದ್ದೆ. ಆದರೆ ನಾನು ಚಿಂತೆ ಮಾಡುವವನು. ನಿಶ್ಚಿತಾರ್ಥದ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಹೊಸ ಚಿಂತೆ ಹುಟ್ಟಿತು: ಕ್ಯಾಲೆಂಡರಿನ ರಾಹುಕಾಲ ಅಂದಾಜಿನದು. ಸೂರ್ಯ ಆರು ಗಂಟೆಗೇ ಹುಟ್ಟುತ್ತಾನೆ ಎಂದುಕೊಂಡು ಹಾಕಿದ್ದು. ಈ ನವೆಂಬರಿನಲ್ಲಿ ಸೂರ್ಯ ಆರಕ್ಕೆಲ್ಲಿ ಏಳುತ್ತಾನೆ? ಹತ್ತಿಪ್ಪತ್ತು ನಿಮಿಷ ಆಚೀಚೆಯಾಗಿ ಮತ್ತೆ ರಾಹುವಿನ ಬಾಯಿಗೆ ಬಿದ್ದರೆ? ಮೂರು ವರ್ಷದ ಮೌನ ಮೂವತ್ತು ವರ್ಷವಾದರೆ?

ಕೂತು ತಿದ್ದಿದೆ. ವಿಜಯನಗರದ ಅಕ್ಷಾಂಶ, ರೇಖಾಂಶ ಕೊಟ್ಟು, ಅಲ್ಲಿನ ನಿಜವಾದ ಸೂರ್ಯೋದಯದಿಂದ ಲೆಕ್ಕ ಹಾಕುವಂತೆ ಮಾಡಿದೆ. ಮುಗಿಯುವಾಗ ಇನ್ನೂ ಒಂದು ಚಿಂತೆ ಬಂತು: ಅಕಸ್ಮಾತ್ ಸೂರ್ಯೋದಯವೇ ಸಿಗದಿದ್ದರೆ? ನಗಬೇಡಿ, ಪ್ರೋಗ್ರಾಮಿನಲ್ಲಿ ಎಲ್ಲಕ್ಕೂ ಉತ್ತರ ಬರೆದಿಡಬೇಕು. ಆದ್ದರಿಂದ ಒಂದು ನಿಯಮ ಸೇರಿಸಿದೆ: ಸಂಶಯವಿದ್ದಲ್ಲಿ ರಾಹುಕಾಲವೆಂದೇ ಭಾವಿಸತಕ್ಕದ್ದು.

ಹೊಸ ಪ್ರೋಗ್ರಾಮ್ ಹಾಕಿದಾಗ ಸಂಜೆ ಐದು ಗಂಟೆ. ಗಡಿಯಾರ ತಕ್ಷಣ ಕೆಂಪಾಯಿತು. ಭಾನುವಾರದ ರಾಹುಕಾಲ ನಾಲ್ಕೂವರೆಯಿಂದ ಆರು. ಸರಿಯಾಗಿದೆ! ಪರೀಕ್ಷೆ ಯಶಸ್ವಿಯಾಗಿ ನೆರವೇರಿತೆಂದು ಘೋಷಿಸಿ, ಗಡಿಯಾರವನ್ನು ಬಿಚ್ಚಿ ಚಾರ್ಜಿಗೆ ಹಾಕಿದೆ. ಮತ್ತೆ ಅದರ ಮುಖ ನೋಡಿದ್ದು ಸೋಮವಾರ ಬೆಳಗ್ಗೆ ಏಳೂ ಹತ್ತಕ್ಕೆ. ಕೆಂಪು.

“ಏಳೂಕಾಲಿಗೆ ಹೊರಡೋಣ, ಏಳೂವರೆಗೆ ರಾಹುಕಾಲ ಹಿಡಿಯುತ್ತೆ” ಎನ್ನುತ್ತ ವತ್ಸಲೆ ಚಪ್ಪಲಿ ಮೆಟ್ಟುತ್ತಿದ್ದಳು.

“ಆಗ್ಲೇ ಹಿಡಿದಿದೆ” ಎಂದೆ.

“ಕ್ಯಾಲೆಂಡರಲ್ಲಿ ಏಳೂವರೆ ಅಂತಿದೆಯಲ್ರೀ?”

“ಅದು ಅಂದಾಜು. ಇದು ಕರಾರುವಾಕ್ಕು.”

ವತ್ಸಲೆ ರೇಷ್ಮೆ ಸೀರೆಯಲ್ಲೇ ಸೋಫಾದ ತುದಿಯಲ್ಲಿ ಕೂತಳು. ಎಂಟಾಯಿತು. ಒಂಬತ್ತಾಯಿತು. ಕೆಂಪು.

“ಮುಗೀತು, ಏಳಿ.”

“ಹತ್ತಿಪ್ಪತ್ತು ನಿಮಿಷ ಆಚೀಚೆ ಇರುತ್ತೆ ಕಣೇ. ಹಸಿರಾಗ್ಲಿ.”

“ಆ ವಾಚಿಗೆ ಹಸಿರು ಬಣ್ಣ ಮುಗಿದುಹೋಗಿದ್ಯೋ ಏನೋ!” ಎಂದು ಅವಳು ಎದ್ದಳು. “ನಾನು ಮೆಟ್ರೋದಲ್ಲಿ ಹೋಗ್ತೀನಿ. ನೀವು, ನಿಮ್ಮ ರಾಹು ಜೊತೇಲಿ ಬನ್ನಿ.”

ಅವಳು ಹೋದಳು. ನಾನು ಹೊಸಿಲ ಒಳಗೆ, ಜರಿ ಪಂಚೆ ಉಟ್ಟು, ಕೈ ನೋಡಿಕೊಳ್ಳುತ್ತ ನಿಂತೆ. ಒಂಬತ್ತೂ ಮೂವತ್ತೈದಕ್ಕೆ ಗಿರಿಜೆಯ ಫೋನ್ ಬಂತು.

“ಅಣ್ಣಾ, ಎಲ್ಲಿದೀಯಾ? ಎಲ್ಲಾರೂ ಬಂದಾಯ್ತು.”

“ರಾಹುಕಾಲ ಮುಗೀಲಿ ಅಂತ ಕಾಯ್ತಾ ಇದೀನಿ ಕಣೇ.”

“ಮುಗಿದು ಅರ್ಧ ಗಂಟೆ ಆಯ್ತಲ್ಲೋ!”

“ಕೆಂಗೇರೀಲಿ ಮುಗಿದಿರಬಹುದು. ಇಲ್ಲಿನ್ನೂ ಇದೆ.”

ಇಪ್ಪತ್ತಾರು ವರ್ಷ ವಿಜ್ಞಾನ ಹೇಳಿಕೊಟ್ಟ ಬಾಯಿಂದ ಬಂದ ಮಾತಿದು. ಗಿರಿಜೆ ಫೋನಿಟ್ಟಳು. ಇನ್ನು ಮೂರು ವರ್ಷ ಎತ್ತುವುದಿಲ್ಲ ಎಂಬಂತಿತ್ತು ಇಟ್ಟ ರೀತಿ. ಗಾಬರಿಯಾಗಿ, ಕೆಂಪು ಗಡಿಯಾರ ಕಟ್ಟಿಕೊಂಡೇ ಸ್ಕೂಟರ್ ಹತ್ತಿದೆ. ಸೋಮವಾರ ಬೆಳಗ್ಗೆ ನಾಯಂಡಹಳ್ಳಿಯ ಟ್ರಾಫಿಕ್ ದಾಟಿದವರಿಗೆ ಮುಂದಿನದ್ದನ್ನು ವಿವರಿಸಬೇಕಿಲ್ಲ.

ಕೆಂಗೇರಿ ಉಪನಗರದ ಹಾಲ್ ಮುಟ್ಟಿದಾಗ ಹತ್ತೂ ಇಪ್ಪತ್ತೈದು. ತಾಂಬೂಲ ಬದಲಾಯಿಸಿಯಾಗಿತ್ತು. ಉಂಗುರವೂ ಆಗಿತ್ತು. ಪುರೋಹಿತರು “ಸೋದರಮಾವ ಎಲ್ಲಿ?” ಎಂದು ಮೂರು ಸಲ ಕೂಗಿ, ನಾಲ್ಕನೆಯ ಸಲ “ಯಾರಾದ್ರೂ ಬನ್ನಿ ಸ್ವಾಮಿ” ಎಂದರಂತೆ. ‘ಯಾರಾದರೂ’ ಆಗುವುದಕ್ಕೂ ನಾನಲ್ಲಿರಲಿಲ್ಲ! ಮೇಘಳ ಕೈ ಹಿಡಿದು ಕರೆತಂದವರು ಗಿರಿಜೆಯ ಪಕ್ಕದ ಮನೆಯ ಬಸವರಾಜಪ್ಪ. ಹಾವೇರಿ ಕಡೆಯವರು, ಬೆಂಗಳೂರಿಗೆ ಬಂದು ಆರು ತಿಂಗಳಾಗಿತ್ತು. ನನ್ನನ್ನು ಕಂಡವರೇ ಎದ್ದು ಬಂದು ಕೈಕುಲುಕಿದರು.

“ಬರ್ರಿ ಸರ. ನಿಮ್ಮ ಕೆಲಸಾ ನಾ ಮಾಡೇನ್ರಿ. ಏನೂ ಚಿಂತಿ ಮಾಡಬ್ಯಾಡ್ರಿ.”

ಜೀವನದಲ್ಲಿ ನನಗೆ ಚಿಂತೆ ಮಾಡಬೇಡ ಎಂದವರು ಅವರೊಬ್ಬರೇ. ಅದೂ ಇಂಥ ಹೊತ್ತಿನಲ್ಲಿ.

ಊಟದ ಪಂಕ್ತಿಯಲ್ಲಿ ಕೂತವನು ಎಲೆಯ ಪಕ್ಕ ಫೋನಿಟ್ಟುಕೊಂಡು ಪ್ರೋಗ್ರಾಮ್ ತೆರೆದೆ. ಕೋಸಂಬರಿ ಬಡಿಸುವಷ್ಟರಲ್ಲಿ ತಪ್ಪು ಕಣ್ಣಿಗೆ ಬಿತ್ತು.

“ಸಿಕ್ತು ವತ್ಸಲಾ!”

“ಏನು, ಮರ್ಯಾದೇನಾ?”

ಮರ್ಯಾದೆಯಲ್ಲ, ಅಕ್ಷಾಂಶ. ಅಕ್ಷಾಂಶ ಬರೆಯಬೇಕಾದಲ್ಲಿ ರೇಖಾಂಶ ಬರೆದಿದ್ದೆ, ರೇಖಾಂಶದ ಜಾಗದಲ್ಲಿ ಅಕ್ಷಾಂಶ. ನಕ್ಷೆಯಲ್ಲಿ ನೋಡಿದರೆ ನಮ್ಮ ಮನೆ ಉತ್ತರ ಧ್ರುವದ ಹತ್ತಿರ, ಸಮುದ್ರದ ನಡುವೆ ತೇಲುತ್ತಿತ್ತು. ಅಲ್ಲಿ ಈ ಕಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ಸೂರ್ಯೋದಯ ಸಿಗದ ಗಡಿಯಾರ ನಾನು ಕಲಿಸಿದ್ದನ್ನೇ ಪಾಲಿಸಿತ್ತು: ಸಂಶಯವಿದ್ದಲ್ಲಿ ರಾಹುಕಾಲ. ನನ್ನ ವಿದ್ಯಾರ್ಥಿಗಳಲ್ಲಿ ಹೇಳಿದ ಮಾತು ಕೇಳಿದ್ದು ಅದೊಂದೇ!

“ಅಲ್ಲೇ ಹೋಗಿ ಇದ್ದುಬಿಡಿ” ಎಂದಳು ವತ್ಸಲೆ. “ಹಿಮಕರಡಿಗಳಿಗೆ ಸೋದರಮಾವ ಬೇಕಾಗಿರಬಹುದು.”

ಅಷ್ಟರಲ್ಲಿ ಗಿರಿಜೆ ಪಂಕ್ತಿಯುದ್ದಕ್ಕೂ ಒಬ್ಬೊಬ್ಬರನ್ನೇ ವಿಚಾರಿಸುತ್ತ ಬಂದಳು. ನಾನು ಉತ್ಸಾಹ ತಡೆಯಲಾರದೆ ಹೇಳಿಯೇಬಿಟ್ಟೆ: “ಗಿರಿಜಾ, ತಪ್ಪು ಏನೂಂತ ಗೊತ್ತಾಯ್ತು ಕಣೇ! ಅಕ್ಷಾಂಶ ರೇಖಾಂಶ ಅದಲುಬದಲಾಗಿತ್ತು.”

ಅವಳು ನನ್ನ ಎಲೆ ನೋಡಿದಳು, ಫೋನ್ ನೋಡಿದಳು.

“ನಮ್ಮಣ್ಣ ಬರ್ತಾನೆ, ನಮ್ಮಣ್ಣನೇ ಕರ್ಕೊಂಡು ಬರೋದು ಅಂತ ಬೀಗರಿಗೆಲ್ಲ ಹೇಳ್ಕೊಂಡಿದ್ದೆ. ನಿಮ್ಮಣ್ಣ ಎಲ್ಲಿ, ನಿಮ್ಮಣ್ಣ ಎಲ್ಲಿ ಅಂತ ಒಬ್ಬೊಬ್ರೂ ಕೇಳ್ತಿದ್ರು. ಏನಂತ ಹೇಳ್ಬೇಕಿತ್ತಣ್ಣ? ವಾಚು ಬಿಡ್ತಾ ಇಲ್ಲ ಅಂತಾನಾ?”

ಉತ್ತರಕ್ಕೆ ಕಾಯದೆ ಮುಂದಿನ ಎಲೆಗೆ ಹೋದಳು. “ಪಾಯಸ ಹಾಕಿಸ್ಕೊಳ್ಳಿ, ಸಂಕೋಚ ಮಾಡ್ಕೋಬೇಡಿ” ಎಂದು ಯಾರಿಗೋ ಹೇಳುತ್ತಿದ್ದಳು.

ಪ್ರೋಗ್ರಾಮ್ ತಿದ್ದಲು ನಾಲ್ಕು ನಿಮಿಷ ಸಾಕಾಯಿತು. ಈಗ ಗಡಿಯಾರ ಕರಾರುವಾಕ್ಕು. ಮದುವೆಗೆ ಗಿರಿಜೆ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯುತ್ತಾಳೆಂದು ಮೂರು ಭಾನುವಾರ ನಾನು ಮನೆ ಬಿಟ್ಟು ಕದಲಲಿಲ್ಲ. ಕೊನೆಗೆ ಕರೆಯೋಲೆ ಬಂತು. ಫೋನಿಗೆ. ಊರಿಗೆಲ್ಲ ಕಳಿಸಿದ ಅದೇ ಚಿತ್ರ, ಕೆಳಗೆ ನನಗೆಂದೇ ಒಂದು ಸಾಲು: “ಅಣ್ಣ, ನೀನು ಊಟದ ಹೊತ್ತಿಗೆ ಬಂದ್ರೆ ಸಾಕು.”

ನನಗೆ ಒಪ್ಪಿಸಬಹುದಾದ ಕೆಲಸಗಳಲ್ಲಿ ನಾನು ಕೆಡಿಸಲಾಗದ್ದು ಅದೊಂದೇ ಎಂದು ಅವಳು ಸರಿಯಾಗಿಯೇ ಲೆಕ್ಕ ಹಾಕಿದ್ದಾಳೆ. ಆದರೂ ನನಗೊಂದು ಚಿಂತೆ. ಊಟ ಎಷ್ಟು ಗಂಟೆಗೆ ಎಂದು ಹಾಕಿಲ್ಲ!